ಒಬ್ಬಳನ್ನು ಬಿಟ್ಟು

ತರೀಕೆರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಭುವನಾಳ ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬಕ್ಕೆ, ನಾಮಕರಣಕ್ಕೆ, ಸತ್ತವರ ಹನ್ನೊಂದನೇ ದಿನಕ್ಕೆ, ಗೆದ್ದ ಮೆಂಬರಿಗೆ, ಸೋತ ಮೆಂಬರಿಗೆ, ಎಲ್ಲದಕ್ಕೂ ಬ್ಯಾನರ್ ಅಲ್ಲಿಂದಲೇ. ಹೊಗಳಿಕೆಯಲ್ಲಿ ಭುವನಾ ಬಲು ಧಾರಾಳಿ. ಒಡಹುಟ್ಟಿದ ತಮ್ಮನಿಗೆ ಒಂದು ಲೋಟ ಕಾಫಿ ಕೊಡಿಸದವನನ್ನು 'ಕೊಡುಗೈ ದಾನಿ' ಎಂದು ಮೂರಾಳೆತ್ತರ ನಿಲ್ಲಿಸಿದ್ದಾಳೆ. ಅತ್ತೆ ಬದುಕಿದ್ದಾಗ ಮುಖ ಕೊಟ್ಟು ಮಾತಾಡದ ಸೊಸೆ 'ನಿಮ್ಮ ನೆನಪೇ ನಮಗೆ ದೀಪ' ಎಂದು ಬರೆಸಿದಾಗ, ಪಕ್ಕದಲ್ಲಿ ಒಂದು ದೀಪವನ್ನೂ ಉರಿಸಿಕೊಟ್ಟಿದ್ದಾಳೆ. ಮಾತು ಅವರದು, ಬಾಯಿ ಅವರದು, ತಾನು ಬರೀ ಬಟ್ಟೆಗೆ ಇಳಿಸುವವಳು ಎನ್ನುವುದು ಅವಳ ನ್ಯಾಯ. ಇಂಥವಳು ಕಳೆದ ವರ್ಷ ಒಂದೇ ಒಂದು ಪದವನ್ನು ಅಚ್ಚು ಹಾಕುವುದಿಲ್ಲ ಎಂದು ಪಟ್ಟು ಹಿಡಿದು ಕೂತಳು. ಆ ಪದ 'ನಮ್ಮೆಲ್ಲರ'. ಅದರಲ್ಲಿ ಬೈಗುಳವೇನೂ ಇಲ್ಲ, ಊರಿನ ಅರ್ಧ ಬ್ಯಾನರುಗಳು ಆ ಪದದಿಂದಲೇ ಶುರುವಾಗುತ್ತವೆ. ಆದರೂ ಹಾಕಲಿಲ್ಲ. ಜಗಳ ಎದ್ದದ್ದು ಒಂದು ಕಂಪ್ಯೂಟರ್ ಆಟದ ದೆಸೆಯಿಂದ ಎಂದರೆ ತಿಳಿಯದವರು ನಗುತ್ತಾರೆ. ನಗಲಿ.

ಕಥೆಗೆ ಮುಂಚೆ ಆ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ನೀರಿನ ಕ್ಯಾನ್ ಇದೆ, ಅದರ ಮೇಲೆ ಬೋರಲು ಹಾಕಿದ ಲೋಟ, ಪಕ್ಕದಲ್ಲಿ ಬೆಲ್ಲದ ಡಬ್ಬಿ. ಬಂದವರು ತಾವೇ ಬಗ್ಗಿಸಿಕೊಂಡು ಕುಡಿಯಬೇಕು. ಕುರ್ಚಿಯಲ್ಲಿ ಕಾಲು ಚಾಚಿ ಕೂತು "ನೀರು ಕೊಡಮ್ಮಾ" ಎನ್ನುವವರಿಗೆ ಭುವನಾ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಗಲ್ಲ ಎತ್ತಿ ಕ್ಯಾನ್ ತೋರಿಸುತ್ತಾಳೆ. ಹೆಂಗಸರು ಎದ್ದು ಹೋಗಿ ಕುಡಿಯುತ್ತಾರೆ. ಗಂಡಸರಲ್ಲಿ ಅರ್ಧ ಜನ, ಬಾಯಾರಿಕೆಯೇ ಇಲ್ಲ ಎನ್ನುತ್ತಾರೆ.

ಭುವನಾ ಅಜ್ಜಂಪುರದ ಕಡೆಯವಳು. ಅವಳ ಅಪ್ಪ ಕರಿಸಿದ್ದಪ್ಪ ಈರುಳ್ಳಿ ಬೆಳೆಯುತ್ತಿದ್ದ. ಅಜ್ಜಂಪುರದಲ್ಲಿ ಚನ್ನಬಸಪ್ಪನವರ ಈರುಳ್ಳಿ ಗೋಡೌನಿಗೆ ಮಾಲು ತಂದು ತೂಕಕ್ಕೆ ಕಾಯುತ್ತ ಕೂರುವಾಗ ಮಹಡಿಯ ಮೇಲಿಂದ ಟಕಟಕ ಸದ್ದು ಕೇಳುತ್ತಿತ್ತು. ಒಮ್ಮೆ ಹತ್ತಿ ನೋಡಿದ. ಕೋಣೆಯ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು, ಒಳಗೆ ಹಳೇ ಕಂಪ್ಯೂಟರುಗಳು, ಒಂದೊಂದರ ಹಣೆಗೂ ಕುಂಕುಮ. ರುದ್ರಮೂರ್ತಿ ಮೇಷ್ಟ್ರು ಕ್ಲಾಸ್ ನಡೆಸುತ್ತಿದ್ದರು. ಚಪ್ಪಲಿ ಬಿಟ್ಟು ಹೋಗುವ ಜಾಗದಲ್ಲಿ ಕೆಟ್ಟದ್ದು ನಡೆಯುವುದಿಲ್ಲ ಎಂದು ಕರಿಸಿದ್ದಪ್ಪನಿಗೆ ಅನಿಸಿತು. ಮಾರನೇ ವಾರವೇ ಪಿಯುಸಿ ಓದುತ್ತಿದ್ದ ಮಗಳನ್ನು ಕರೆತಂದು ಸೇರಿಸಿದ. ಹುಡುಗರೇ ತುಂಬಿದ್ದ ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದ ಹುಡುಗಿ ಮಾಲಿನಿ ಒಬ್ಬಳೇ.

ಮೇಷ್ಟ್ರು ಎಲ್ಲಿಂದಲೋ ಒಂದು ಕಟ್ಟು ಫ್ಲಾಪಿ ತಂದಿಟ್ಟುಕೊಂಡಿದ್ದರು. ಅದರಲ್ಲಿ 'ಸಾಲ್ಟ್‌ಮೂರ್' ಎನ್ನುವ ಆಟದ ನಾಲ್ಕು ಭಾಗಗಳಿದ್ದವು. ಈರುಳ್ಳಿ ಗೋಡೌನಿನ ಹುಡುಗರ ಬಾಯಲ್ಲಿ ಅದು ಉಪ್ಪಿನಕೋಟೆ ಆಯಿತು. ಪರದೆಯ ಮೇಲೆ ಒಂದು ಚಿತ್ರ, ಚಿತ್ರದ ಕೆಳಗೆ ಮಿಣುಕುವ ಗೆರೆ. ಬಾಗಿಲು ತೆಗೆ, ದೀಪ ಹಚ್ಚು, ಕತ್ತಿ ಎತ್ತಿಕೋ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಚಿತ್ರದೊಳಗಿನವನು ಹಾಗೆ ಮಾಡುತ್ತಿದ್ದ. ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ, ತಾನೇ ಯೋಚಿಸಿ ಬರೆಯಬೇಕು. ಆಟದ ಆಸೆಗಾದರೂ ಮಕ್ಕಳು ನಾಲ್ಕು ಇಂಗ್ಲಿಷ್ ಪದ ಕಲಿಯಲಿ, ಕೀಬೋರ್ಡಿಗೆ ಬೆರಳು ಕೂರಲಿ ಎನ್ನುವುದು ಮೇಷ್ಟ್ರ ಉಪಾಯ. ಉಪಾಯ ಫಲಿಸಿತು. ಹುಡುಗರು ಊಟ ಬಿಟ್ಟು ಬಂದು ಕೂರತೊಡಗಿದರು.

ಮೇಷ್ಟ್ರು ಇನ್ನೂ ಒಂದು ಆಸೆ ಹಚ್ಚಿದ್ದರು. ಸುಣ್ಣದ ಗೋಡೆಯ ಮೇಲೆ ನಾಲ್ಕು ಭಾಗಕ್ಕೆ ನಾಲ್ಕು ಪಟ್ಟಿ ಎಳೆದಿದ್ದರು. ಯಾರು ಯಾವ ಭಾಗವನ್ನು ಕೊನೆ ಮುಟ್ಟಿಸುತ್ತಾರೋ ಅವರ ಹೆಸರನ್ನು ಆ ಪಟ್ಟಿಯ ಕೆಳಗೆ ಕೆಂಪು ಬಣ್ಣದಲ್ಲಿ ತಾವೇ ಕುಂಚ ಹಿಡಿದು ಬರೆಯುತ್ತಿದ್ದರು. ಆ ಗೋಡೆಗೆ ಇದ್ದ ಬೆಲೆ ಹೇಳತೀರದು. ಕೆಳಗೆ ಮೂಟೆ ಹೊರುವವರೂ ಕೆಲಸ ಮುಗಿಸಿ ಹತ್ತಿ ಬಂದು, ಈ ಸಲ ಯಾರದು ಏರಿತು ಎಂದು ನೋಡಿಕೊಂಡು ಹೋಗುತ್ತಿದ್ದರು. ಮೂರನೇ ಪಟ್ಟಿಯ ಕೆಳಗೆ ಮೊದಲ ಹೆಸರು ಓಂಕಾರೇಶನದು. ಅವನು ಗೋಡೌನ್ ಚನ್ನಬಸಪ್ಪನವರ ಮಗ.

ಮೂರನೇ ಭಾಗ ಎಂದರೆ ಹುಡುಗರಿಗೆ ಪ್ರಾಣ. ಬೆಂಕಿ ಉಗುಳುವ ಹಾವು, ಏಳು ಬಾಗಿಲಿನ ಕೋಟೆ, ಕಡೆಗೆ ಸಿಂಹಾಸನ. ಕತ್ತಿ ಬೀಸುವುದು, ದೋಚುವುದು, ಕೂರುವುದು. ನಾಲ್ಕನೆಯದು ಬಂದಾಗ ಎಲ್ಲರೂ ಮೂಗು ಮುರಿದರು. ಅದರಲ್ಲಿ ಕತ್ತಿಯೇ ಇಲ್ಲ. ಕಡಲ ಪಕ್ಕದ ಉಪ್ಪಿನ ಬಯಲಲ್ಲಿ ಒಂದು ಛತ್ರ, ಅದನ್ನು ನಡೆಸುವ ಒಬ್ಬಳು ಹೆಂಗಸು, ಆಡುವವರು ಅವಳಾಗಬೇಕು. ದಾರಿಹೋಕರು ಬರುತ್ತಾರೆ, ಹೋಗುತ್ತಾರೆ. ಕಡಲ ಏರಿ ಎಲ್ಲೋ ಬಿರುಕು ಬಿಟ್ಟಿದೆ, ಅದು ಎಲ್ಲಿ ಎಂದು ತಿಳಿದು ತೂಬು ಇಳಿಸದಿದ್ದರೆ ನೀರು ನುಗ್ಗಿ ಎಲ್ಲ ಮುಗಿಯುತ್ತದೆ. ಇದೇನು ಆಟವೋ ಮನೆಗೆಲಸವೋ ಎಂದು ಓಂಕಾರೇಶ ನಕ್ಕ. ಅದಕ್ಕೆ 'ಹೋಟ್ಲು ಆಟ' ಎಂದು ಹೆಸರಿಟ್ಟವನೂ ಅವನೇ. ನಕ್ಕರೂ ಆಡುವುದನ್ನು ಬಿಡಲಿಲ್ಲ, ಯಾಕೆಂದರೆ ನಾಲ್ಕನೇ ಪಟ್ಟಿ ಖಾಲಿ ಇತ್ತು.

ಆಡಿದವರೆಲ್ಲ ಒಂದೇ ಜಾಗದಲ್ಲಿ ಸಿಕ್ಕಿಬಿದ್ದರು. ತೊಯ್ದ ಕೋಟಿನ ಒಬ್ಬ ಮುದುಕ ಬಂದು ಹೊಸ್ತಿಲ ಮೇಲೆ ಕೂರುತ್ತಾನೆ. ಬಿರುಕು ಎಲ್ಲಿದೆ ಎಂದು ಗೊತ್ತಿರುವವನು ಅವನೊಬ್ಬನೇ. ಆದರೆ ಬಾಯಿ ಬಿಡುವುದಿಲ್ಲ. ಹುಡುಗರು ಯಾರು ನೀನು ಎಂದು ಕೇಳಿದರು, ಎಲ್ಲಿಂದ ಬಂದೆ ಎಂದು ಕೇಳಿದರು, ಚಿನ್ನ ಕೊಟ್ಟರು, ಬೈದರು, ಹೊಡೆಯಲೂ ನೋಡಿದರು. ಮುದುಕ ಸುಮ್ಮನೆ ಕೂತಿದ್ದು ಎದ್ದು ಹೋಗುತ್ತಿದ್ದ, ಹಿಂದೆಯೇ ನೀರು ನುಗ್ಗುತ್ತಿತ್ತು. ಆ ಮಳೆಗಾಲವಿಡೀ ಅಜ್ಜಂಪುರದ ಆ ಮಹಡಿಯಲ್ಲಿ ನೀರು ನುಗ್ಗುತ್ತಲೇ ಇತ್ತು.

ಭುವನಾಳ ಸರದಿ ಬಂದ ದಿನ ಅವಳು ಹೆಚ್ಚೇನೂ ಯೋಚಿಸಲಿಲ್ಲ. ಛತ್ರದೊಳಗೆ ಮೇಜಿನ ಮೇಲೆ ಒಂದು ಹೂಜಿ ಇತ್ತು, ಜೇನಿನ ಕುಡಿಕೆ ಇತ್ತು. ಹೂಜಿ ಎತ್ತಿಕೋ, ಮುದುಕನಿಗೆ ನೀರು ಕೊಡು, ಜೇನು ಕೊಡು ಎಂದು ಬರೆದಳು. ಮುದುಕ ಕುಡಿದ, ಕೋಟಿನ ತೋಳಿನಲ್ಲಿ ಬಾಯೊರೆಸಿಕೊಂಡ, ಮಾತಾಡಿದ. ಹಿಂದೆ ನಿಂತಿದ್ದ ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು. ಬಂದವರಿಗೆ ಮೊದಲು ನೀರು ಬೆಲ್ಲ, ಆಮೇಲೆ ಬಂದ ಕಾರಣ ಕೇಳುವುದು, ಇದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ರಿವಾಜು. ಆ ಹುಡುಗರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಅವರ ಮನೆಗಳಲ್ಲಿ ಗಂಡಸರು ಪಡಸಾಲೆಯಲ್ಲಿ ಕೂತು "ನೀರು ತಗೊಂಬಾರೇ" ಎಂದು ಒಳಕ್ಕೆ ಕೂಗುತ್ತಿದ್ದರು, ಚೊಂಬು ತಾನಾಗಿ ನಡೆದು ಬರುತ್ತಿತ್ತು. ಆಟದೊಳಗೆ ಕೂಗಲು ಯಾರೂ ಇರಲಿಲ್ಲ. ತಾವೇ ಏಳಬೇಕು ಎಂದು ಒಬ್ಬನಿಗೂ ಹೊಳೆಯಲಿಲ್ಲ.

ಅವಳು ತೂಬು ಇಳಿಸಿ ಆಟ ಮುಗಿಸಿದಳು. ಮೇಷ್ಟ್ರು ಕುಂಚ ತೆಗೆದರು, ಬಣ್ಣದ ಡಬ್ಬಿಯ ಮುಚ್ಚಳ ಬಿಚ್ಚಿದರು. ಆಗ ಓಂಕಾರೇಶ ತಕರಾರು ತೆಗೆದ. ಕೊಲ್ಲುವುದಿಲ್ಲ, ಗೆಲ್ಲುವುದಿಲ್ಲ, ಗೆದ್ದೆ ಎಂದು ಆಟವೂ ಹೇಳುವುದಿಲ್ಲ, ಬೆಳಗಾಯಿತು ಬಾಗಿಲು ತೆಗೆ ಎಂದು ಹೇಳಿ ಮುಗಿಯುತ್ತದೆ, ಇದನ್ನು ಲೆಕ್ಕಕ್ಕೆ ಹಿಡಿದರೆ ತಮ್ಮ ಹೆಸರುಗಳಿಗೆ ಏನು ಬೆಲೆ ಎಂದ. ಉಳಿದವರು ಹೌದು ಹೌದು ಎಂದರು. ಗೋಡೌನು ಅವನಪ್ಪನದು. ಮೇಷ್ಟ್ರು ಒಳ್ಳೆಯವರು, ಆದರೆ ಗಲಾಟೆಗೆ ಹೆದರುವವರು. ದೀಪಾವಳಿಗೆ ಹೇಗೂ ಸುಣ್ಣ ಬಳಿಸಬೇಕು, ಆಮೇಲೆ ಎಲ್ಲ ಹೊಸದಾಗಿ ಬರೆಯೋಣ ಎಂದು ಮುಚ್ಚಳ ಮುಚ್ಚಿದರು. ದೀಪಾವಳಿ ಬಂತು, ಸುಣ್ಣ ಬಳಿದರು, ಹೆಸರುಗಳನ್ನು ಮತ್ತೆ ಬರೆದರು. ಭುವನಾ ಮೆಟ್ಟಿಲು ಹತ್ತಿ ಹೋಗಿ ನೋಡಿದಾಗ ಗೋಡೆಯ ಮೇಲೆ ಮೂರೇ ಪಟ್ಟಿ ಇದ್ದವು. ನಾಲ್ಕನೆಯದು ಇತ್ತು ಎನ್ನುವುದಕ್ಕೆ ಗುರುತೂ ಇರಲಿಲ್ಲ. ಅವಳು ಯಾರನ್ನೂ ಏನೂ ಕೇಳಲಿಲ್ಲ. ಮನೆಗೆ ಹೋಗಿ ಅವ್ವ ಹುಲಿಗೆಮ್ಮನ ಮುಂದೆ ಕೂತು ಅತ್ತಳು. ಗ್ವಾಡೆ ಮ್ಯಾಲಿನ ಹೆಸ್ರಿಗೆಲ್ಲ ಅಳ್ತಾರೇನೇ ಎಂದು ಹುಲಿಗೆಮ್ಮ ಗದರಿದಳು. ಅದೇ ಕೊನೆ, ಆ ವಿಷಯಕ್ಕೆ ಭುವನಾ ಮತ್ತೆ ಅಳಲಿಲ್ಲ.

ಆಮೇಲೆ ಬದುಕು ತನ್ನ ದಾರಿ ಹಿಡಿಯಿತು. ತರೀಕೆರೆಯ ತಿಪ್ಪೇಶನಿಗೆ ಕೊಟ್ಟು ಮದುವೆ ಮಾಡಿದರು. ಅವನು ಲಗೇಜ್ ಆಟೋ ಓಡಿಸುತ್ತಾನೆ, ಹೆಚ್ಚು ಮಾತಿಲ್ಲದ ಮನುಷ್ಯ. ಅವಳು ಒಬ್ಬರ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿದಳು, ಇನ್ನೊಬ್ಬರ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಜೋಡಿಸಿದಳು, ಕಡೆಗೆ ತನ್ನದೇ ಷಟರ್ ಎತ್ತಿದಳು. ಮೊದಲ ದಿನ ಷಟರ್ ಎತ್ತುವಾಗ ಅವಳಿಗೆ ನೆನಪಾದದ್ದು ಆ ಛತ್ರದ ಬಾಗಿಲು. ಅದನ್ನು ತಿಪ್ಪೇಶನಿಗೆ ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದ.

ಕಳೆದ ವರ್ಷ ಹಳೇ ವಿದ್ಯಾರ್ಥಿಗಳು ಸೇರಿ ರುದ್ರಮೂರ್ತಿ ಮೇಷ್ಟ್ರಿಗೆ ಕಡೂರಿನಲ್ಲಿ ಸನ್ಮಾನ ಇಟ್ಟುಕೊಂಡರು. ಮುಂದಾಳು ಓಂಕಾರೇಶ. ಅವನೀಗ ಕಡೂರಿನಲ್ಲಿ ಕೊಬ್ಬರಿ ವ್ಯಾಪಾರಿ, ಹತ್ತು ಜನ ಕೇಳುವ ಮನುಷ್ಯ. ವಾಟ್ಸಾಪಿನಲ್ಲಿ 'ಉಪ್ಪಿನಕೋಟೆ ಬಳಗ' ಎಂದು ಗ್ರೂಪ್ ಮಾಡಿದ. ವೇದಿಕೆಗೆ ದೊಡ್ಡ ಬ್ಯಾನರು, ಅದರಲ್ಲಿ ಮೇಷ್ಟ್ರ ಫೋಟೋ ಪಕ್ಕದಲ್ಲಿ ಎಲ್ಲರಿಗೂ ಇಷ್ಟವಾದ ಭಾಗದ ಚಿತ್ರ ಹಾಕೋಣ, ಯಾವ ಭಾಗ ಹೇಳಿ ಎಂದ. ಮೂರು, ಮೂರು, ಮೂರು ಎಂದು ಉತ್ತರಗಳು ಸುರಿದವು. ಭುವನಾ ನಾಲ್ಕು ಎಂದು ಬರೆದಳು. ಯಾರೋ ನಗುವ ಮುಖ ಹಾಕಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಎಲ್ಲ ಊರಲ್ಲೂ ಕಾಣಬಹುದು. ಊರೆಲ್ಲ ಸೇರಿ ಮೂರೇ ಕಾಲು ಎಂದಾಗ ನಾಲ್ಕು ಎಂದವಳನ್ನೂ ಹಟಮಾರಿ ಎಂದೇ ಕರೆದರು.

ಬ್ಯಾನರ್ ಮಾಡಿಸಲು ಓಂಕಾರೇಶ ಖುದ್ದಾಗಿ ತರೀಕೆರೆಗೆ ಬಂದ. ಕುರ್ಚಿಯಲ್ಲಿ ಕೂತು, ಬಿಸಿಲು ಬಿಸಿಲು ಎಂದು ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು ನೀರು ಕೇಳಿದ. ಭುವನಾ ಗಲ್ಲ ಎತ್ತಿ ಕ್ಯಾನ್ ತೋರಿಸಿದಳು. ಇರಲಿ ಬಿಡು, ಅಂಥ ಬಾಯಾರಿಕೆ ಏನಿಲ್ಲ ಎಂದು ಮೊಬೈಲಿನಲ್ಲಿ ಬರೆದು ತಂದಿದ್ದನ್ನು ಮುಂದೆ ಹಿಡಿದ. ಬೆಂಕಿ ಹಾವಿನ ಚಿತ್ರ, ಅದರ ಕೆಳಗೆ 'ನಮ್ಮೆಲ್ಲರ ಮೆಚ್ಚಿನ ಉಪ್ಪಿನಕೋಟೆ, ಭಾಗ ಮೂರು'. ಅವಳು ಓದಿ ಮೊಬೈಲನ್ನು ವಾಪಸ್ ಕೊಟ್ಟಳು. ಚಿತ್ರ ಹಾಕುತ್ತೇನೆ, ಮೂರು ಅಂತಲೂ ಹಾಕುತ್ತೇನೆ, 'ನಮ್ಮೆಲ್ಲರ' ಮಾತ್ರ ಹಾಕುವುದಿಲ್ಲ ಎಂದಳು. ಬೇಕಿದ್ದರೆ 'ನಮ್ಮಲ್ಲಿ ಹೆಚ್ಚಿನವರ' ಎಂದು ಹಾಕಿಸಿಕೋ ಎಂದೂ ಹೇಳಿದಳು.

ಓಂಕಾರೇಶನಿಗೆ ಅದು ತಮಾಷೆಯಾಗಿ ಕಂಡಿತು. ಇಷ್ಟು ಜನರಲ್ಲಿ ಒಬ್ಬಳ ಮಾತು ಯಾವ ಲೆಕ್ಕ, ಹತ್ತರ ಜೊತೆ ಹನ್ನೊಂದು ಎಂದು ಇದ್ದುಬಿಟ್ಟರೆ ಗಂಟೇನು ಹೋಗುತ್ತದೆ ಎಂದ. ಆಮೇಲೆ, ಸಮಾಧಾನ ಮಾಡುವ ದನಿಯಲ್ಲಿ, ಮಾಡಬಾರದ ತಪ್ಪು ಮಾಡಿದ.

"ಹೆಂಗಸ್ರ ಆಟ ಕಣೇ ಅದು. ಬಂದೋರಿಗೆ ನೀರು ಕೊಡೋದು, ಚಾಪೆ ಹಾಸೋದು. ಅದಕ್ಕೇ ನಿಂಗೆ ಹಿಡಿಸ್ತು. ತಪ್ಪಲ್ಲ ಬಿಡು."

ಭುವನಾ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡಳು. ಕೋಪ ಬಂದಾಗ ಅವಳ ದನಿ ಏರುವುದಿಲ್ಲ, ಇಳಿಯುತ್ತದೆ.

"ನೀರು ಕೊಡೋದು ಮನೇಲೇ ಸಾಕಾಗಿತ್ತು ಕಣೋ, ಅದಕ್ಕೆ ಕ್ಲಾಸಿಗೆ ಬರ್ಬೇಕಿತ್ತಾ? ಮೊದ್ಲಿನ ಮೂರು ಭಾಗದಲ್ಲೂ ನಾನು ಯಾರ್ದೋ ಬಾಗ್ಲು ಒಡೀತಾ ನಿಂತಿದ್ದೆ. ನಾಲ್ಕನೇದ್ರಲ್ಲಿ ಬಾಗ್ಲು ನಂದು. ಯಾರು ಒಳಗೆ ಬರ್ಬೇಕು, ಯಾರು ಬ್ಯಾಡ ಅನ್ನೋಳು ನಾನು. ಆಗ ನಂಗೆ ಆ ಮಾತು ಇನ್ನೆಲ್ಲೂ ಸಿಕ್ಕಿರ್ಲಿಲ್ಲ."

ಓಂಕಾರೇಶ ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಒಂದ್ಸಲ ಸುಣ್ಣ ಬಳ್ದು ನನ್ನ ಅಳಿಸಿದ್ರಿ. ಸುಮ್ನಿದ್ದೆ. ಎರಡನೇ ಸಲ ನನ್ನ ಕೈಲೇ ಬಳಿಸ್ಬ್ಯಾಡ."

ಸುಣ್ಣದ ಮಾತು ಅವನಿಗೆ ನೆನಪಿತ್ತೋ ಇಲ್ಲವೋ, ಮುಖ ಮಾತ್ರ ಕೆಂಪಾಯಿತು. ಕಡೂರಲ್ಲೇನು ಫ್ಲೆಕ್ಸ್ ಅಂಗಡಿಗೆ ಬರವೇ ಎಂದು ಎದ್ದು ಹೊರಟ. ಎರಡು ದಿನದಲ್ಲಿ ಬ್ಯಾನರಿನ ಫೋಟೋ ಗ್ರೂಪಿಗೆ ಬಂತು. ಹಳದಿ ಅಕ್ಷರದಲ್ಲಿ ಢಾಳಾಗಿ 'ನಮ್ಮೆಲ್ಲರ'. ಕೆಳಗೆ ಚಪ್ಪಾಳೆಗಳ ಸಾಲು.

ಮಾಲಿನಿ ಫೋನ್ ಮಾಡಿದಳು. ಈ ವಯಸ್ಸಲ್ಲಿ ಆಟದ ವಿಷಯಕ್ಕೆ ಮುನಿಸು ಯಾಕೆ, ಬಂದು ಊಟ ಮಾಡಿಕೊಂಡು ಹೋಗೋಣ ಎಂದಳು. ನಿನಗೆ ಮೂರನೇ ಭಾಗದಲ್ಲಿ ಏನು ಇಷ್ಟವಾಗಿತ್ತು ಎಂದು ಭುವನಾ ಕೇಳಿದಳು. ಮಾಲಿನಿ, ತಾನು ಯಾವ ಭಾಗವನ್ನೂ ಕೊನೇತನಕ ಆಡಿದವಳಲ್ಲ, ಎಲ್ಲರೂ ಮೂರು ಅಂದರು, ತಾನೂ ಅಂದೆ ಎಂದಳು. ಭುವನಾಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಈ 'ಎಲ್ಲರ' ಎನ್ನುವುದು ಎಂಥವರಿಂದ ತುಂಬಿರುತ್ತದೆ ಎಂದು ಅರ್ಥವಾಯಿತು, ಅಷ್ಟೇ. ತಿಪ್ಪೇಶ ಮಾತ್ರ ಊಟದ ನಡುವೆ ಒಂದೇ ಮಾತು ಕೇಳಿದ. ಹೋಗದೆ ಇರುವುದೋ, ಹೋಗುವುದೋ? ಹೋಗುತ್ತೇನೆ ಎಂದಳು. ಹೋಗದೆ ಮನೆಯಲ್ಲಿ ಕೂತರೆ ಆ ಬ್ಯಾನರಿನ ಮಾತು ನಿಜವಾಗಿಬಿಡುತ್ತದೆ.

ಫ್ಲೆಕ್ಸ್ ಕೆಲಸದಲ್ಲಿ ತೇಪೆ ಹಚ್ಚುವುದು ಒಂದು ದೊಡ್ಡ ಕಸುಬು. ನಾಯಕರು ಪಕ್ಷ ಬದಲಿಸುತ್ತಾರೆ, ಮದುವೆಯ ದಿನ ಮುಂದೆ ಹೋಗುತ್ತದೆ, ದೊಡ್ಡಪ್ಪನ ಹೆಸರು ಬಿಟ್ಟುಹೋಗಿ ಮನೆಯಲ್ಲಿ ರಾದ್ಧಾಂತವಾಗುತ್ತದೆ. ಆಗ ಇಡೀ ಬ್ಯಾನರು ಬದಲಿಸುವುದಿಲ್ಲ, ಅದೇ ಬಣ್ಣದ ಸ್ಟಿಕರ್ ಕತ್ತರಿಸಿ ಮೇಲೆ ಅಂಟಿಸುತ್ತಾರೆ. ಭುವನಾಳ ತೇಪೆ ತೇಪೆಯೆಂದು ತಿಳಿಯುತ್ತಿರಲಿಲ್ಲ. ಶನಿವಾರ ಅಂಗಡಿಯಲ್ಲಿ ಕೂತು ಗ್ರೂಪಿನ ಫೋಟೋ ನೋಡಿಕೊಂಡು, ಅದೇ ಹಳದಿ, ಅದೇ ಅಕ್ಷರದ ಗಾತ್ರ ಹೊಂದಿಸಿ ಒಂದು ಸ್ಟಿಕರ್ ತೆಗೆದಳು.

ಭಾನುವಾರ ಗಂಡ ಹೆಂಡತಿ ಕಡೂರಿನ ಕಲ್ಯಾಣ ಮಂಟಪಕ್ಕೆ ಹೋದಾಗ ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಬ್ಯಾನರು ವೇದಿಕೆಯ ಹಿಂದೆ ಕಟ್ಟಿತ್ತು. ಹಳೇ ಹುಡುಗರು, ಈಗ ಹೊಟ್ಟೆ ಬಂದವರು, ತಲೆ ನೆರೆತವರು, ಕುರ್ಚಿಗಳಲ್ಲಿ ಹರಟುತ್ತಿದ್ದರು. ಭುವನಾ ಯಾರಿಗೂ ಕಾಣದಂತೆ ಏನನ್ನೂ ಮಾಡಲಿಲ್ಲ. ಎಲ್ಲರ ಮುಂದೆಯೇ ಒಂದು ಕುರ್ಚಿ ಎಳೆದುಕೊಂಡು ಹೋಗಿ ವೇದಿಕೆಯ ಮೇಲಿಟ್ಟಳು, ತಿಪ್ಪೇಶ ಕುರ್ಚಿ ಹಿಡಿದುಕೊಂಡ, ಅವಳು ಹತ್ತಿ ಸ್ಟಿಕರಿನ ಹಿಂದಿನ ಹಾಳೆ ಬಿಡಿಸಿ 'ನಮ್ಮೆಲ್ಲರ' ಎನ್ನುವುದರ ಎಡಕ್ಕೆ, ಹಾವಿನ ತಲೆಗೆ ತಾಗುವಂತೆ ಅಂಟಿಸಿದಳು. ಅಂಗೈಯಲ್ಲಿ ಗಾಳಿಗುಳ್ಳೆ ಒತ್ತಿ ತೆಗೆದು ಇಳಿದಳು. ಬ್ಯಾನರಿನ ಸಾಲು ಈಗ ಹೀಗಿತ್ತು: 'ಒಬ್ಬಳನ್ನು ಬಿಟ್ಟು ನಮ್ಮೆಲ್ಲರ ಮೆಚ್ಚಿನ ಉಪ್ಪಿನಕೋಟೆ, ಭಾಗ ಮೂರು'.

ಓಂಕಾರೇಶ ದಾಪುಗಾಲು ಹಾಕಿ ಬಂದ. ಮರ್ಯಾದೆ ಕಳೆಯಲು ಬಂದಿದ್ದೀಯಾ, ಕಿತ್ತು ಹಾಕು ಎಂದ. ಕೀಳಬಹುದು, ಆದರೆ ಈ ಗೋಂದು ಒಂದು ಸಲ ಹಿಡಿದರೆ ಬರುವಾಗ ಕೆಳಗಿನ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ, ಹಾವಿನ ತಲೆ ಹೋಗುತ್ತದೆ, ನೋಡು ಎಂದಳು. ಅವನು ಒಮ್ಮೆ ಬ್ಯಾನರನ್ನು, ಒಮ್ಮೆ ಅವಳನ್ನು ನೋಡುತ್ತಿರುವಾಗ ಹೊರಗೆ ಕಾರು ನಿಂತ ಸದ್ದಾಯಿತು. ಭುವನಾ ಹೋಗಿ ಮಾಲಿನಿಯ ಪಕ್ಕ ಕೂತಳು.

ಮೇಷ್ಟ್ರನ್ನು ಸಖರಾಯಪಟ್ಟಣದಿಂದ ಮಗಳು ದೀಪಶ್ರೀ ಕರೆತಂದಿದ್ದಳು. ಅಪ್ಪನನ್ನು ಒಳಗೆ ಬಿಟ್ಟು ಕಾರು ನೆರಳಿಗೆ ನಿಲ್ಲಿಸಲು ಹೋದಳು. ಮೇಷ್ಟ್ರು ತೆಳ್ಳಗಾಗಿದ್ದರು, ನಡಿಗೆ ನಿಧಾನವಾಗಿತ್ತು. ಬಿಸಿಲಲ್ಲಿ ಬಂದ ಆಯಾಸಕ್ಕೆ ವೇದಿಕೆಯ ತನಕ ಹೋಗದೆ ಬಾಗಿಲ ಹತ್ತಿರದ ಮೊದಲ ಕುರ್ಚಿಯಲ್ಲೇ ಕೂತುಬಿಟ್ಟರು. ಗಂಡಸರೆಲ್ಲ ಸುತ್ತುವರಿದರು. ಹೇಗಿದ್ದೀರಿ ಸಾರ್, ಗುರುತು ಸಿಕ್ಕಿತಾ ಸಾರ್, ನಾನ್ಯಾರು ಹೇಳಿ ಸಾರ್, ನಿಮಗೆ ಯಾವ ಭಾಗ ಇಷ್ಟ ಸಾರ್, ನೀವೇ ಹೇಳಿ ಈ ಜಗಳ ತೀರಿಸಿಬಿಡಿ. ಒಬ್ಬ ಹಾರ ಹಾಕಿದ, ಇನ್ನೊಬ್ಬ ಮೈಕ್ ತಂದು ಬಾಯಿಗೆ ಹಿಡಿದ. ಮೇಷ್ಟ್ರು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು. ತುಟಿ ಒಣಗಿತ್ತು. ಒಂದು ಮಾತೂ ಬರಲಿಲ್ಲ.

ಪ್ರಶ್ನೆಗಳು ತೀರಿದವು. ಸುತ್ತ ನಿಂತವರಿಗೆ ಏನೋ ತಪ್ಪುತ್ತಿದೆ ಎನ್ನುವುದು ಮೆಲ್ಲನೆ ತಿಳಿಯಿತು, ಏನು ಎನ್ನುವುದೂ ತಿಳಿಯಿತು. ಆಗ ಅಷ್ಟೂ ಗಂಡಸರು, ಒಬ್ಬರಿಗೊಬ್ಬರು ಹೇಳಿಕೊಂಡವರಂತೆ, ತಿರುಗಿ ಹೆಂಗಸರ ಕಡೆ ನೋಡಿದರು. ಮಾಲಿನಿ ಎದ್ದೇಬಿಟ್ಟಿದ್ದಳು. ಭುವನಾ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು. ಮೇಷ್ಟ್ರ ಒಣಗಿದ ತುಟಿ ನೋಡಿ ಅವಳ ಕಾಲುಗಳು ತಾವಾಗಿ ಎದ್ದು ಓಡಲು ನೋಡಿದವು. ಆದರೂ ಕೂತೇ ಇದ್ದಳು. ಅಂಥ ಹೊತ್ತಿನಲ್ಲಿ ಕೂತಿರುವುದು ಎಷ್ಟು ಕಷ್ಟ ಎನ್ನುವುದು ಆ ಸೀಮೆಯಲ್ಲಿ ಹೆಣ್ಣಾಗಿ ಹುಟ್ಟಿದವರಿಗೇ ಗೊತ್ತು.

"ನೋಡ್ತಾ ಕೂತಿದೀಯಲ್ಲ ಭುವನಾ," ಎಂದ ಓಂಕಾರೇಶ.

"ನಾನು ಆಟದಲ್ಲಿ ಆ ಜಾಗ ದಾಟಿ ಇಪ್ಪತ್ತೈದು ವರ್ಷ ಆಯ್ತು ಕಣೋ. ದಾಟ್ದೆ ಇರೋನು ನೀನು. ಅಡುಗೆಮನೆ ಒಳಗಿದೆ, ಹೋಗು."

ಓಂಕಾರೇಶ ಹೋದ. ಒಳಗೆ ಅಡುಗೆಯವರನ್ನು ಲೋಟ ಎಲ್ಲಿ, ನೀರು ಎಲ್ಲಿ ಎಂದು ಕೇಳುವುದು ಹೊರಕ್ಕೆ ಕೇಳಿಸುತ್ತಿತ್ತು. ಅಂಚಿನ ತನಕ ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಿಳೀ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತ ಬಂದ. ಬೆಲ್ಲ ಎಲ್ಲಿ ಎಂದು ಭುವನಾ ಕೇಳಿದಳು. ಮತ್ತೆ ಒಳಗೆ ಹೋಗಿ ಬೆಲ್ಲ ತಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅವನಿಗೂ ನಗು ಬಂದಂತಾಯಿತು, ನಗಲಿಲ್ಲ. ಮೇಷ್ಟ್ರ ಮುಂದೆ ಬಗ್ಗಿ ಕೊಟ್ಟ.

ಮೇಷ್ಟ್ರು ಬೆಲ್ಲ ಬಾಯಿಗಿಟ್ಟುಕೊಂಡು ನೀರನ್ನು ಪೂರ್ತಿ ಕುಡಿದರು. ಕನ್ನಡಕ ಒರೆಸಿ ಹಾಕಿಕೊಂಡು ದೂರದ ಬ್ಯಾನರನ್ನು ನಿಧಾನವಾಗಿ ಓದಿದರು.

"ಈ ಒಬ್ಬಳು ಯಾರಮ್ಮ?"

ಭುವನಾ ಎದ್ದು ಹತ್ತಿರ ಹೋದಳು. "ನಾನು ಸಾರ್. ಕರಿಸಿದ್ದಪ್ಪನ ಮಗಳು."

ಮೇಷ್ಟ್ರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಮೈಕ್ ಇನ್ನೂ ಅವರ ಮುಂದೆಯೇ ಇತ್ತು, ಆದ್ದರಿಂದ ಅವರು ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಅದನ್ನ ಇಬ್ಬರು ಅಂತ ತಿದ್ದಮ್ಮ. ನಂಗೂ ನಾಲ್ಕನೇದೇ ಇಷ್ಟ. ಮೊದ್ಲಿಂದ್ಲೂ."

ಈ ಒಂದು ಮಾತಿಗಾಗಿ ಭುವನಾ ದೀಪಾವಳಿಯ ಮಾರನೇ ದಿನ ಸುಣ್ಣದ ವಾಸನೆಯ ಆ ಕೋಣೆಯಲ್ಲಿ ಎಷ್ಟು ಹೊತ್ತು ನಿಂತಿದ್ದಳೆಂದು ಮೇಷ್ಟ್ರಿಗೆ ತಿಳಿಯದು. ಆಗ ಬಂದಿದ್ದರೆ ಈ ಮಾತು ಅವಳನ್ನು ಎತ್ತಿ ನಿಲ್ಲಿಸುತ್ತಿತ್ತು. ಬರಲಿಲ್ಲ, ಅವಳು ತಾನೇ ಎದ್ದು ನಿಂತಳು. ಸುತ್ತ ನಿಂತವರ ಮುಖಗಳಲ್ಲಿ ಸಮಾಧಾನ ಕಾಣಿಸುತ್ತಿತ್ತು. ಗುರುಗಳೇ ಒಪ್ಪಿದರಲ್ಲ, ಇನ್ನು ಮುಗಿಯಿತು, ಊಟಕ್ಕೆ ಏಳೋಣ ಎನ್ನುವ ಸಮಾಧಾನ. ಅವಳು ಬಗ್ಗಿ ಮೇಷ್ಟ್ರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೀಬೋರ್ಡಿನ ಮೇಲೆ ಬೆರಳು ಕೂರಿಸಿದವರು ಅವರು, ಅದರಲ್ಲಿ ಎರಡು ಮಾತಿಲ್ಲ. ಎದ್ದು ನಿಂತು ಹೇಳಿದಳು.

"ಆವತ್ತು ಕುಂಚ ನಿಮ್ ಕೈಲಿತ್ತು ಸಾರ್. ಇವತ್ತು ಸ್ಟಿಕರ್ ನಂದು. ಒಬ್ಳು ಅಂತ್ಲೇ ಇರ್ಲಿ."

ಮೇಷ್ಟ್ರು ಖಾಲಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ತಲೆಯಾಡಿಸಿ, ಇರಲಿ ಎಂದರು. ಸನ್ಮಾನ ನಡೆಯಿತು, ಶಾಲು ಹೊದಿಸಿದರು, ಫೋಟೋ ತೆಗೆದರು. ಎಲ್ಲ ಫೋಟೋಗಳಲ್ಲೂ ಹಿಂದೆ ಆ ಸಾಲು ಇದೆ, ಬೇಡವೆಂದರೂ ಕತ್ತರಿಸಿ ತೆಗೆಯಲು ಆಗುವುದಿಲ್ಲ, ಮೇಷ್ಟ್ರ ತಲೆಯ ಮೇಲೆಯೇ ಬಂದಿದೆ. ಮನೆಗೆ ಬರುವಾಗ ಲಗೇಜ್ ಆಟೋದಲ್ಲಿ ತಿಪ್ಪೇಶ ಬೀರೂರು ದಾಟಿದ ಮೇಲೆ, ಆ ಆಟ ಈಗಲೂ ಎಲ್ಲಾದರೂ ಸಿಗುತ್ತಾ ಎಂದು ಕೇಳಿದ.

ಕೆಲಸ ಮುಗಿದ ಬ್ಯಾನರನ್ನು ಓಂಕಾರೇಶ ಬಿಸಾಡಲು ಹೇಳಿದ್ದ, ಭುವನಾ ಸುತ್ತಿಕೊಂಡು ತಂದಿದ್ದಳು. ಈಗ ಅದು ಅವಳ ಅಂಗಡಿಯ ಪಡುವಣ ಬಿಸಿಲಿಗೆ ಅಡ್ಡ ಕಟ್ಟಿದ ಪರದೆ. ವರ್ಷದ ಬಿಸಿಲಿಗೆ ಕೋಟೆ ಮಸುಕಾಗಿದೆ, ಹಾವು ಹಾವೆಂದು ಹೇಳಿದರೆ ಮಾತ್ರ ತಿಳಿಯುತ್ತದೆ. ಸ್ಟಿಕರಿನ ಬಣ್ಣ ಒಳ್ಳೆಯದು, ಅವಳೇ ಆರಿಸಿದ್ದು. ಬಂದ ಗಿರಾಕಿಗಳು ಕಾಯುತ್ತ ಕೂತಾಗ ಅದನ್ನು ಓದಿ, ಯಾರಮ್ಮ ಆ ಒಬ್ಬಳು ಎಂದು ಕೇಳುತ್ತಾರೆ. ಭುವನಾ ಗಲ್ಲ ಎತ್ತಿ ಕ್ಯಾನ್ ತೋರಿಸುತ್ತಾಳೆ. ಎದ್ದು ಹೋಗಿ ಕುಡಿದು ಬಂದವರಿಗೆ ಮಾತ್ರ ಹೇಳುತ್ತಾಳೆ.